ಜಾನಿ ಸೇನ್ ಕಲಿಸಿದ ತಿರುವು

ಅಮೆರಿಕದ ಬೇಸ್‌ಬಾಲ್ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ, ಜಾನಿ ಸೇನ್ ಅವರ ಹೆಸರೆತ್ತಿದರೆ ಆ ಆಟ ಬಲ್ಲವರಿಗೆ ಮೊದಲು ನೆನಪಾಗುವುದು 1948ರ ಬೋಸ್ಟನ್ ಬ್ರೇವ್ಸ್ ತಂಡ. ಅದೇ ತಂಡದ ಪಿಚರ್ ವಾರೆನ್ ಸ್ಪಾನ್ ಒಂದು ದಿನ, ಸೇನ್ ಇನ್ನೊಂದು ದಿನ ಚೆಂಡೆಸೆದು ಗೆಲ್ಲಿಸಲಿ, ಇಬ್ಬರಿಗೂ ಬಿಡುವು ಸಿಗುವಂತೆ ಮಿಕ್ಕ ದಿನಗಳಲ್ಲಿ ಮಳೆ ಸುರಿಯಲಿ ಎಂಬರ್ಥದ ಮಾತೊಂದು ಆಗ ಜನಜನಿತವಾಗಿತ್ತು. ಆ ವರ್ಷ 24 ಪಂದ್ಯಗಳನ್ನು ಗೆದ್ದ ಸೇನ್, ವರ್ಷದ ಚಾಂಪಿಯನ್ ತಂಡವನ್ನು ತೀರ್ಮಾನಿಸುವ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ ಬಾಬ್ ಫೆಲ್ಲರ್ ಅವರಂಥ ವೇಗದ ಪಿಚರ್ ಎದುರು 1-0 ಅಂತರದ ಜಯ ಸಾಧಿಸಿದರು. ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಆಟ ಬಿಟ್ಟ ಮೇಲಿನ ಸೇನ್ ಅವರ ಬಳಿ.

ಅರ್ಕಾನ್ಸಾ ರಾಜ್ಯದ ಹವಾನಾ ಎಂಬ ಪುಟ್ಟ ಊರಿನಲ್ಲಿ 1917ರಲ್ಲಿ ಹುಟ್ಟಿದ ಅವರಿಗೆ ಕರ್ವ್‌ಬಾಲ್ (ಗಾಳಿಯಲ್ಲಿ ಬಾಗುವ ಎಸೆತ) ಎಸೆಯುವುದನ್ನು ಹೇಳಿಕೊಟ್ಟವರು ಮೋಟಾರು ಮೆಕ್ಯಾನಿಕ್ ಆಗಿದ್ದ ತಂದೆ. ವೇಗ ಅವರ ಬಲವಾಗಿರಲಿಲ್ಲ. ಚೆಂಡಿನ ತಿರುವನ್ನೇ ನಂಬಿ 139 ಪಂದ್ಯಗಳನ್ನು ಗೆದ್ದರು. 1947ರ ಏಪ್ರಿಲ್ 15ರಂದು ಬಿಳಿಯರಿಗಷ್ಟೇ ಮೀಸಲಾಗಿದ್ದ ವೃತ್ತಿಪರ ಬೇಸ್‌ಬಾಲ್‌ನ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಕಪ್ಪು ವರ್ಣೀಯ ಆಟಗಾರ ಜಾಕಿ ರಾಬಿನ್ಸನ್ ಮೊದಲ ಬಾರಿಗೆ ಬ್ಯಾಟ್ ಹಿಡಿದು ನಿಂತಾಗ ಎದುರಿದ್ದ ಪಿಚರ್ ಕೂಡ ಇವರೇ.

ಕೋಚ್ ಆದ ಮೇಲೆ ಅವರು ಕೈಯಲ್ಲಿ ಹಿಡಿದು ತೋರಿಸುತ್ತಿದ್ದ ಸಾಧನ ಅತ್ಯಂತ ಸರಳವಾದದ್ದು: ಒಂದು ಕಡ್ಡಿ, ಅದರ ಮೇಲೆ ಸಲೀಸಾಗಿ ಸುತ್ತುವಂತೆ ಪೋಣಿಸಿದ ಒಂದು ಚೆಂಡು. ಹೊಲಿಗೆಯ ಮೇಲೆ ಬೆರಳಿಟ್ಟು ಮಣಿಕಟ್ಟನ್ನು ಝಾಡಿಸಿದರೆ ಚೆಂಡು ಯಾವ ಅಕ್ಷದ ಸುತ್ತ, ಯಾವ ದಿಕ್ಕಿಗೆ ತಿರುಗುತ್ತದೆ ಎಂಬುದು ಎಸೆಯದೆಯೇ ಕಣ್ಣಿಗೆ ಕಾಣುತ್ತದೆ. ಹಳೆಯ ರಬ್ಬರ್ ಚೆಂಡೊಂದಕ್ಕೆ ಹೆಣಿಗೆಯ ಕಡ್ಡಿ ಚುಚ್ಚಿ ನಾನೂ ಇದನ್ನು ಮಾಡಿ ನೋಡಿದೆ. ಮಣಿಕಟ್ಟು ಒಂದಿಷ್ಟು ವಾಲಿದರೂ ಅಕ್ಷ ಓರೆಯಾಗುತ್ತದೆ. ಮೇಲಿನಿಂದ ಮುಂದಕ್ಕೆ ಸುತ್ತುವ ಚೆಂಡು ಗಾಳಿಯಲ್ಲಿ ಬೇಗ ಕೆಳಗಿಳಿಯುತ್ತದೆ, ಓರೆಯಾಗಿ ಸುತ್ತುವುದು ಪಕ್ಕಕ್ಕೂ ಸರಿಯುತ್ತದೆ ಎಂದು ಓದಿ ತಿಳಿದಿದ್ದರೂ, ಅದು ಬೆರಳಿಗೆ ಅರ್ಥವಾದದ್ದು ಆಗಲೇ.

ಪಿಚರ್‌ಗಳನ್ನು ಮೈದಾನದ ಸುತ್ತ ಓಡಿಸಿ ದಣಿಸುವ ರೂಢಿಯನ್ನು ಅವರು ಒಪ್ಪಲಿಲ್ಲ. ಎಸೆಯುವ ತೋಳು ಗಟ್ಟಿಯಾಗುವುದು ಎಸೆತದಿಂದಲೇ ಎಂಬುದು ಅವರ ದೃಢವಾದ ನಂಬಿಕೆ. 1961ರಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ವೈಟಿ ಫೋರ್ಡ್ 25, 1965ರಲ್ಲಿ ಮಿನೆಸೋಟ ಟ್ವಿನ್ಸ್‌ನ ಮಡ್‌ಕ್ಯಾಟ್ ಗ್ರಾಂಟ್ 21, ಮರುವರ್ಷ ಅದೇ ತಂಡದ ಜಿಮ್ ಕಾಟ್ 25, 1968ರಲ್ಲಿ ಡೆಟ್ರಾಯಿಟ್ ಟೈಗರ್ಸ್‌ನ ಡೆನ್ನಿ ಮ್ಯಾಕ್‌ಲೇನ್ 31 ಪಂದ್ಯಗಳನ್ನು ಗೆದ್ದದ್ದು ಸೇನ್ ಅವರು ಕೋಚ್ ಆಗಿದ್ದಾಗಲೇ. ಇಷ್ಟು ಬೇರೆ ಬೇರೆ ತಂಡಗಳಲ್ಲಿ, ಇಷ್ಟು ಬೇರೆ ಬೇರೆ ಸ್ವಭಾವದವರ ಕೈಯಲ್ಲಿ ಫಲ ಕಂಡದ್ದನ್ನು ಬರಿಯ ಅದೃಷ್ಟವೆಂದು ಒಪ್ಪಲು ನನಗೆ ಸಾಧ್ಯವಿಲ್ಲ.

ಆದರೂ ಅವರು ಯಾವ ತಂಡದಲ್ಲೂ ಬಹುಕಾಲ ನೆಲೆ ನಿಲ್ಲಲಿಲ್ಲ. ಪಿಚರ್‌ಗಳ ಪರವಾಗಿ ಗಟ್ಟಿಯಾಗಿ ನಿಲ್ಲುತ್ತಿದ್ದುದರಿಂದ ಮ್ಯಾನೇಜರ್‌ಗಳೊಡನೆ ಮನಸ್ತಾಪ ಬೆಳೆಯುತ್ತಿತ್ತು. 1966ರಲ್ಲಿ ಟ್ವಿನ್ಸ್ ಅವರನ್ನು ತೆಗೆದುಹಾಕಿತು, 1969ರಲ್ಲಿ ಟೈಗರ್ಸ್ ಕೂಡ ಹಾಗೆಯೇ ಮಾಡಿತು. ಟ್ವಿನ್ಸ್‌ನ ನಿರ್ಧಾರವನ್ನು ವಿರೋಧಿಸಿ ಕಾಟ್ ಬಹಿರಂಗ ಪತ್ರವನ್ನೇ ಬರೆದರು. ತನ್ನನ್ನು ಇಟ್ಟುಕೊಂಡಿರುವ ತಂಡದ ವಿರುದ್ಧವೇ ಒಬ್ಬ ಆಟಗಾರ ಗುರುವಿಗಾಗಿ ಹೀಗೆ ದನಿಯೆತ್ತಿದ್ದನ್ನು ನಾನು ಯಾವ ಅಂಕಿಸಂಖ್ಯೆಗಿಂತಲೂ ದೊಡ್ಡದೆಂದು ಎಣಿಸುತ್ತೇನೆ.

ಸೇನ್ 2006ರಲ್ಲಿ ತೀರಿಕೊಂಡರು. ಕಾಟ್ 2022ರಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಸೇರಿದರು. ಸೇನ್ ಅವರ ಹೆಸರು ಅಲ್ಲಿನ ಫಲಕಗಳಲ್ಲಿ ಇನ್ನೂ ಇಲ್ಲ.