ಅಕ್ಕಿಕಾಳಿನಷ್ಟು ರೆಸಿಸ್ಟರ್

ಇಂಪಿಡೆನ್ಸ್ ಅಡಾಪ್ಟರ್ (ಫೋನಿಗೂ ಇಯರ್‌ಫೋನಿಗೂ ನಡುವೆ ಸಿಕ್ಕಿಸುವ, ಒಳಗೆ ರೆಸಿಸ್ಟರ್ ಇರುವ ತುಂಡು) ಹಾಕಿದರೆ ಇಯರ್‌ಫೋನಿನ ಸೌಂಡ್ ಬದಲಾಗ್ತದಾ? ಎಲ್ಲದರಲ್ಲೂ ಇಲ್ಲ ಮಾರಾಯ್ರೆ. ಒಂದೇ ಡೈನಾಮಿಕ್ ಡ್ರೈವರ್ (ಪುಟ್ಟ ಸ್ಪೀಕರ್‌ನಂಥದ್ದು) ಇದ್ದರೆ ಹೆಚ್ಚಾಗಿ ವಾಲ್ಯೂಮ್ ಇಳಿಯುತ್ತದೆ, ಅಷ್ಟೆ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಇನ್ನೊಂದು ಬಗೆಯ ಡ್ರೈವರ್‌ನ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಮಾತ್ರ ಫ್ರೀಕ್ವೆನ್ಸಿಗೆ ತಕ್ಕಂತೆ ಏರಿಳಿಯುತ್ತದೆ. ಬಾಸ್‌ನಲ್ಲಿ 10 ಓಮ್, ಟ್ರೆಬಲ್‌ನಲ್ಲಿ 40 ಓಮ್ ಅಂತಿಟ್ಟುಕೊಳ್ಳಿ. ಸರಣಿಯಲ್ಲಿ 10 ಓಮ್ ಸೇರಿಸಿದರೆ ಬಾಸ್ 6 ಡೆಸಿಬೆಲ್ ಇಳಿಯುತ್ತದೆ, ಟ್ರೆಬಲ್ ಬರೀ 2. ಯಕ್ಷಗಾನದ ರೆಕಾರ್ಡಿಂಗ್ ಹಾಕಿ ಕೇಳಿ: ಮದ್ದಳೆಯ ಗುಂಕಾರ ಹಿಂದೆ ಸರಿದು ಚಕ್ರತಾಳ ಕಿವಿಯ ಹತ್ತಿರ ಬಂದಿರುತ್ತದೆ. ಎಟಿಮೋಟಿಕ್ ಕಂಪನಿಯ ಇಆರ್4ಪಿ ಇಯರ್‌ಫೋನನ್ನು ಅದರದೇ ಇನ್ನೊಂದು ಮಾದರಿ ಇಆರ್4ಎಸ್ ಮಾಡುವ ಅಡಾಪ್ಟರ್‌ನಲ್ಲಿ ಇದ್ದದ್ದೂ 75 ಓಮ್ ರೆಸಿಸ್ಟರೇ. ಅಕ್ಕಿಕಾಳಿನಷ್ಟು ವಸ್ತು ಹಾಡಿನ ಬಣ್ಣ ಬದಲಿಸುವುದಾದರೆ, ನಾವು ‘ಒರಿಜಿನಲ್ ಸೌಂಡ್’ ಅನ್ನುವುದು ಯಾವುದಕ್ಕೆ?

ಕೆಲವು ಮಲ್ಟಿ ಡ್ರೈವರ್ ಸೆಟ್‌ಗಳಲ್ಲಿ ಟ್ರೆಬಲ್‌ನಲ್ಲೇ ಇಂಪಿಡೆನ್ಸ್ ಕುಸಿಯುತ್ತದೆ. ಅಲ್ಲಿ ಫಲ ಉಲ್ಟಾ, ಸೌಂಡ್ ಮಂಕು. ನಿಮ್ಮ ಇಯರ್‌ಫೋನಿನ ಇಂಪಿಡೆನ್ಸ್ ಗ್ರಾಫ್ ನೋಡದೆ ಕೈ ಹಾಕಬೇಡಿ.

ಅಡಾಪ್ಟರ್ ನೀವೇ ಮಾಡುವುದಾದರೆ ಕಾಲು ವ್ಯಾಟ್, 1% ಮೆಟಲ್ ಫಿಲ್ಮ್ ರೆಸಿಸ್ಟರ್ ಎರಡು: ಒಂದು ಜ್ಯಾಕ್‌ನ ಟಿಪ್‌ಗೆ (ತುದಿ, ಎಡ ಕಿವಿಯದ್ದು), ಒಂದು ರಿಂಗ್‌ಗೆ (ಅದರ ಹಿಂದಿನ ಉಂಗುರ, ಬಲ ಕಿವಿಯದ್ದು). ಗ್ರೌಂಡ್ ತಂತಿ ನೇರ ಹೋಗಬೇಕು. ಅಲ್ಲಿ ರೆಸಿಸ್ಟರ್ ಕೂತರೆ ಎಡ ಬಲ ಎರಡೂ ಕಲಸಿಹೋಗುತ್ತವೆ. ಮಂಗಳೂರಿನ ಉಪ್ಪುಗಾಳಿಗೆ ಜ್ಯಾಕ್ ಕಿಲುಬು ಹಿಡಿದಾಗಲೂ ಇದೇ ತೊಂದರೆ, ಮಳೆಗಾಲದಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿಡಿ. ಹೋಲಿಸುವ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ. ಜೋರಾಗಿ ಕೇಳಿಸಿದ್ದೇ ಚಂದ ಅಂತ ಕಿವಿ ಮೋಸ ಹೋಗುತ್ತದೆ.