ಒಂದೇ ಮರದ ತುಂಡು, ಮೂರು ಬಟ್ಟಲು

ಮರದ ಬಟ್ಟಲು ಕಡೆಯುವಾಗ ನನಗೆ ಸಂಕಟ ಆಗುತ್ತಿದ್ದುದು ನೆಲಕ್ಕೆ ಬೀಳುವ ರಾಶಿ ನೋಡಿ. ಬಟ್ಟಲಾಗಿ ಉಳಿಯುವುದು ತೆಳ್ಳನೆಯ ಗೋಡೆ ಮಾತ್ರ. ನಡುವಿನ ಒಳ್ಳೆ ಮರವೆಲ್ಲ ಚೂರಾಗಿ ಹೋಗುತ್ತದೆ. ಅದಕ್ಕೇ ಕೋರಿಂಗ್ ಕಲಿಯಬೇಕು ಅನ್ನಿಸಿತು. ಒಳಗಿನ ಮರವನ್ನು ಬಾಗಿದ ಬ್ಲೇಡಿನಿಂದ ಇಡಿಯಾಗಿ ಬಿಡಿಸಿ, ಅದನ್ನೇ ಇನ್ನೊಂದು ಬಟ್ಟಲು ಮಾಡಿಕೊಳ್ಳುವ ಕೆಲಸ ಅದು.

ಅವತ್ತು ಲೇತಿಗೆ, ಅಂದರೆ ಮರವನ್ನು ತಿರುಗಿಸುವ ಯಂತ್ರಕ್ಕೆ, ಏರಿಸಿದ್ದು 35 ಸೆಂ.ಮೀ. ಅಗಲದ ಹಸಿ ಮರ. ಮೊದಲು ಲೆಕ್ಕ. ಹಸಿ ಬಟ್ಟಲಿನ ಗೋಡೆ ಅದರ ಅಗಲದ ಹತ್ತನೇ ಒಂದರಷ್ಟು ದಪ್ಪ ಇರಬೇಕು. ಒಣಗುವಾಗ ಸೊಟ್ಟಗಾದದ್ದನ್ನು ಮತ್ತೆ ದುಂಡಗೆ ಕಡೆಯಲು ಮರ ಬೇಕಲ್ವಾ? ಎರಡೂ ಬದಿಯ ಗೋಡೆಗೆ 7 ಸೆಂ.ಮೀ., ಬ್ಲೇಡ್ ಕೊರೆದುಕೊಂಡು ಹೋಗುವ ಸಂದಿಗೆ ಸುಮಾರು ಒಂದೂವರೆ. ಹಾಗಾಗಿ ಎರಡನೆಯದು 26ರ ಆಸುಪಾಸು, ಮೂರನೆಯದು 19.

ತೆಗೆಯುವುದು ಚಿಕ್ಕದನ್ನೇ ಮೊದಲು. ಆಗ ಉಳಿದ ಮರ, ಅದನ್ನು ಲೇತಿಗೆ ಕಚ್ಚಿ ಹಿಡಿಯುವ ಚಕ್‌ನಲ್ಲಿ ಹಿಡಿದಂತೆಯೇ ಇರುತ್ತದೆ, ಬಿಚ್ಚಿ ಮತ್ತೆ ಹಿಡಿಸುವ ರಗಳೆ ಇಲ್ಲ.

ವೇಗ ನಿಮಿಷಕ್ಕೆ 500 ಸುತ್ತಿನ ಹತ್ತಿರ ಇಟ್ಟೆ. ಮುಖಕ್ಕೆ ಶೀಲ್ಡ್. ನಾನು ಬಳಸಿದ್ದು ಒಂದು ಗೂಟದ ಮೇಲೆ ತಿರುಗುವ ಬ್ಲೇಡ್, ದಾರಿ ಅದೇ ಹಿಡಿಯುತ್ತದೆ. ನಾನು ನೋಡಿಕೊಳ್ಳಬೇಕಾದ್ದು ಎಷ್ಟು ಒತ್ತಬೇಕು ಅನ್ನುವುದನ್ನು ಮಾತ್ರ. ಆದರೆ ಅದೇ ಇಡೀ ವಿದ್ಯೆ! ಬ್ಲೇಡಿನ ತುದಿ ಮರದೊಳಗೆ ಹೋದ ಮೇಲೆ ಏನೂ ಕಾಣುವುದಿಲ್ಲ. ಕಿವಿಯೇ ಗತಿ. ಚೆನ್ನಾಗಿ ಕೊರೆಯುತ್ತಿದ್ದರೆ ಒಂದೇ ಸಮನೆ ಗರಗರ ಸದ್ದು, ಒದ್ದೆ ಚೂರುಗಳು ಧಾರಾಳವಾಗಿ ಹೊರಗೆ ಬರುತ್ತವೆ. ಸದ್ದು ಮಂದವಾಯಿತು ಅಂದರೆ ಸಂದಿಯಲ್ಲಿ ಚೂರು ತುಂಬಿಕೊಂಡಿದೆ ಅಂತ ಅರ್ಥ. ಆಗಲೂ ಒತ್ತಿದರೆ ಬ್ಲೇಡ್ ಬಿಸಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಕ್ಕೆ ಎಳೆದು, ಚೂರು ಉದುರಿಸಿ, ಮತ್ತೆ ಒಳಗೆ ಬಿಡಬೇಕು. ಒಳಕ್ಕೆ ಹೋದಷ್ಟೂ ಇದು ಜಾಸ್ತಿ. ಬೇಸರ ಅನ್ನಿಸಬಹುದು, ನನಗೆ ಮಾತ್ರ ಈ ಹಿಂದೆ-ಮುಂದೆಯ ಲಯವೇ ತುಂಬಾ ಹಿಡಿಸಿತು. ಸ್ವಲ್ಪ ಹೊತ್ತಿಗೆ ಸದ್ದು ಬದಲಾಗುವ ಮುಂಚೆಯೇ ಕೈ ತಾನಾಗಿ ಹಿಂದೆ ಸರಿಯತೊಡಗಿತು.

ಪೂರ್ತಿ ಕೊರೆದು ಬಿಡಿಸುವಂತಿಲ್ಲ. ತಳದಲ್ಲಿ ಒಂದಿಂಚಿನಷ್ಟು ದಪ್ಪದ ಮೋಟು ಉಳಿದಾಗ ಲೇತ್ ನಿಲ್ಲಿಸಿ, ಸಂದಿಗೆ ಆಪು ತೂರಿಸಿ ಮೀಟಿದೆ. ಟಪ್ ಅಂತ ಬಂತು. ಬಟ್ಟಲಿನಲ್ಲಿ ಮರದ ಎಳೆಗಳು ಅಡ್ಡಡ್ಡಕ್ಕೆ ಇರುವುದರಿಂದ ಮೋಟು ಎಳೆಗುಂಟ ಸುಲಭವಾಗಿ ಮುರಿಯುತ್ತದೆ. ಕೆಲವೊಮ್ಮೆ ತಳದ ಮರವನ್ನೂ ಕಿತ್ತುಕೊಂಡು ಬರುತ್ತದೆ, ಅದಕ್ಕೇ ತಳ ದಪ್ಪ ಬಿಟ್ಟಿರಬೇಕು. ಎರಡನೆಯದೂ ಹೀಗೇ ಬಂತು. ಚೂರಾಗಿ ಗುಡಿಸಿ ಹೋಗಬೇಕಿದ್ದ ಮರ ಎರಡು ಬಟ್ಟಲಾಗಿ ಕೈಯಲ್ಲಿತ್ತು. ಎಷ್ಟು ಖುಷಿಯಾಯಿತು!

ಮರದ ಎಳೆಗಳ ತುದಿ ಕಾಣುವ ಕಡೆ ಮೇಣ ಸವರಿದೆ. ನೀರು ಬೇಗ ಆರಿ ಬಿರುಕು ಬಿಡುವುದು ಅಲ್ಲಿಂದಲೇ. ಮೂರನ್ನೂ ತೂಗಿ, ತೂಕ ಮತ್ತು ತಾರೀಕು ತಳದಲ್ಲಿ ಬರೆದಿಟ್ಟೆ. ಮರ ಒಣಗುವಾಗ ಉಂಗುರಗಳ ಗುಂಟ ಜಾಸ್ತಿ ಕುಗ್ಗುತ್ತದೆ, ಹಾಗಾಗಿ ಮೂರೂ ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ತೂಕ ಇಳಿಯುವುದು ನಿಂತ ಮೇಲೆ ಎರಡನೇ ಸಲ ಕಡೆಯಬೇಕು. ಮೊದಲು ಸರದಿ ಚಿಕ್ಕದರದ್ದು, ಗೋಡೆ ತೆಳ್ಳಗಿರುವುದರಿಂದ ಅದೇ ಬೇಗ ಒಣಗುತ್ತದೆ.