ನಕ್ಷೆ ಬರೆದವರ ಹೆಸರು

ಸ್ಟುಟ್‌ಗಾರ್ಟಿನ ಮರ್ಸಿಡಿಸ್-ಬೆಂಜ್ ವಸ್ತುಸಂಗ್ರಹಾಲಯಕ್ಕೆ ಹೋದವರು ಸಾಮಾನ್ಯವಾಗಿ ಮುತ್ತಿಕೊಳ್ಳುವುದು ಬೆಳ್ಳಿ ಬಣ್ಣದ ರೇಸಿಂಗ್ ಕಾರುಗಳನ್ನು. ಎಂಜಿನ್ನಿನ ಬಿಸಿ ನೀರನ್ನು ತಂಪಾಗಿಸುವ ರೇಡಿಯೇಟರ್ ವಿನ್ಯಾಸವೇ ನನ್ನ ಹೊಟ್ಟೆಪಾಡು. ಹಾಗಾಗಿ ನಾನು 1902ರ ಸಿಂಪ್ಲೆಕ್ಸ್ ಕಾರಿನ ಮೂತಿಯ ಮುಂದೆ ಬಗ್ಗಿ ನಿಂತುಬಿಟ್ಟೆ. ಜೇನುಹುಟ್ಟಿನಂತೆ ಒತ್ತೊತ್ತಾಗಿ ಜೋಡಿಸಿದ ಪುಟ್ಟ ಚೌಕ ಕೊಳವೆಗಳು. ಕೊಳವೆಯೊಳಗೆ ಗಾಳಿ, ಕೊಳವೆಗಳ ನಡುವಿನ ಕಿರುಸಂದಿಯಲ್ಲಿ ನೀರು. ಡೈಮ್ಲರ್ ಕಂಪನಿಯ ವಿನ್ಯಾಸಕಾರ ವಿಲ್ಹೆಲ್ಮ್ ಮೈಬಾಖ್ 1900ರಲ್ಲಿ ರೂಪಿಸಿದ ಮೊದಲ ಮಾದರಿಯಲ್ಲಿ 6 ಮಿ.ಮೀ. ಚೌಕದ ಇಂಥ ಕೊಳವೆಗಳು 8,070 ಇದ್ದವು. ಅಷ್ಟನ್ನೂ ಸೋರದಂತೆ ಬೆಸುಗೆ ಹಾಕಿದ ಕೈಗಳನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಆ ರೇಡಿಯೇಟರ್ ಹೊತ್ತ 35 ಅಶ್ವಶಕ್ತಿಯ ಕಾರು ಬಂದದ್ದು ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಒತ್ತಾಯದಿಂದ. ಕಂಪನಿ ಕಟ್ಟಿದ ಗಾಟ್ಲೀಬ್ ಡೈಮ್ಲರ್ 1900ರ ಮಾರ್ಚ್‌ನಲ್ಲೇ ತೀರಿಕೊಂಡಿದ್ದರು. ಆದರೂ ಕಂಪನಿಗೆ ಡೈಮ್ಲರ್ ಹೆಸರು, ಕಾರಿಗೆ ಯೆಲಿನೆಕ್ ಮಗಳು ಮರ್ಸಿಡಿಸ್‌ಳ ಹೆಸರು. ನಕ್ಷೆ ಬರೆದವರ ಹೆಸರು ಎಲ್ಲೂ ಇಲ್ಲ!

ಮಧ್ಯಾಹ್ನ ಅದೇ ಊರಿನ ಬಾಡ್ ಕಾನ್‌ಸ್ಟಾಟ್‌ಗೆ ಹೋದೆ. ಡೈಮ್ಲರ್ ಮನೆ ಈಗಿಲ್ಲ. ಅದರ ಹಿತ್ತಲಿನ ಹಸಿರುಮನೆ ಮಾತ್ರ ಉಳಿದಿದೆ. 1882ರಲ್ಲಿ ಡಾಯ್ಟ್ಸ್ ಎಂಬ ಎಂಜಿನ್ ಕಾರ್ಖಾನೆ ಬಿಟ್ಟು ಬಂದ ಡೈಮ್ಲರ್ ಇದನ್ನೇ ಕಾರ್ಯಾಗಾರ ಮಾಡಿಕೊಂಡರು, ಮೈಬಾಖ್ ಹಿಂದೆಯೇ ಬಂದರು. ಹಗಲುರಾತ್ರಿ ಸದ್ದು ಕೇಳಿದ ತೋಟದ ಮಾಲಿಗೆ ಇವರು ಖೋಟಾ ನಾಣ್ಯ ಮಾಡುತ್ತಿದ್ದಾರೆಂಬ ಗುಮಾನಿ. ಪೊಲೀಸರು ಬಂದು ತಡಕಾಡಿದರೆ ಸಿಕ್ಕಿದ್ದು ಬರೀ ಎಂಜಿನ್ ಭಾಗಗಳು ಎಂದು ಕಥೆ ಹೇಳುತ್ತಾರೆ. 1885ರಲ್ಲಿ ಇಲ್ಲಿಂದ ಹೊರಬಂದ ಮರದ ಮೋಟಾರು ಬೈಕಿನ ಎಂಜಿನ್ ಇದ್ದದ್ದು ಸವಾರನ ಆಸನದ ಕೆಳಗೆ. ಇಂಧನ ಹೊತ್ತಿಸುವ ಕೊಳವೆ ಕೆಂಪಗೆ ಕಾಯುತ್ತಿತ್ತು. ಸವಾರ ಎಂಥ ಧೈರ್ಯವಂತನಿರಬೇಕು!

ಹತ್ತನೆಯ ವಯಸ್ಸಿಗೇ ತಬ್ಬಲಿಯಾಗಿ ರಾಯ್ಟ್‌ಲಿಂಗನ್‌ನ ಅನಾಥಾಶ್ರಮದಲ್ಲಿ ಬೆಳೆದ ಹುಡುಗನ ಕೈಯ ಗುಣವನ್ನು ಗುರುತಿಸಿದವರು ಡೈಮ್ಲರ್, ನಿಜ. ಆ ಋಣವನ್ನು ಮೈಬಾಖ್ ಬಡ್ಡಿ ಸಮೇತ ತೀರಿಸಿದರೆಂದೇ ನನ್ನ ಲೆಕ್ಕ. ಇಂಧನವನ್ನು ಸಿಂಪಡಿಸಿ ಗಾಳಿಯೊಂದಿಗೆ ಬೆರೆಸುವ 1893ರ ಕಾರ್ಬ್ಯುರೇಟರ್ ಒಂದೇ ಸಾಕು. ಫ್ರಾನ್ಸಿನವರು ಅವರನ್ನು ವಿನ್ಯಾಸಕಾರರ ರಾಜ ಎಂದು ಕರೆದರು; ತವರಿನ ಕಂಪನಿಯಲ್ಲಿ ಮೂಲೆಗುಂಪಾಗಿ 1907ರಲ್ಲಿ ಹೊರಬಂದರು. ಮುಂದೆ ಮಗ ಕಾರ್ಲ್ ಜೊತೆ ಜೆಪ್ಪೆಲಿನ್ ವಾಯುನೌಕೆಗಳ ಎಂಜಿನ್‌ಗೆ ಕೈಹಾಕಿದರು. ಮೈಬಾಖ್ ಎಂಬ ಹೆಸರಿನ ಕಾರನ್ನು ಮಗ 1921ರಲ್ಲಿ ಬರ್ಲಿನ್ ಪ್ರದರ್ಶನಕ್ಕಿಟ್ಟಾಗ ತಂದೆಗೆ 75 ವರ್ಷ.